ಹಿತ್ತಾಳೆ ಕೊಳವೆ

ಕೊಳವೆಯನ್ನು ಆರಿಸಿದ್ದು ಜೊವೀತಾಳೇ. ಅದನ್ನು ಅವಳು ಯಾರ ಮುಂದೆಯೂ ಅಲ್ಲಗಳೆದಿಲ್ಲ. ಈಗ ನಲ್ಲಿಯ ಹತ್ತಿರ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲೆಂದರಲ್ಲಿ ಜನ ಬಾಯಿಗೆ ಬಂದ ಹಾಗೆ ಆಡುತ್ತಾರೆ. ಹೆತ್ತ ಅಪ್ಪನಿಗೆ ಅಂಥದ್ದನ್ನು ಯಾರಾದರೂ ಕೊಡಿಸುತ್ತಾರೆಯೇ, ಬುದ್ಧಿ ಎಲ್ಲಿಟ್ಟಿದ್ದಳು ಎನ್ನುತ್ತಾರೆ. ಆಡಲಿ, ಆಡುವವರ ಗಂಟೇನು ಹೋಗುತ್ತದೆ! ಆ ಮುದುಕನ ಎದೆಯೊಳಗಿಂದ ಕಿತ್ತುಕೊಂಡು ಬರುತ್ತಿದ್ದ ಕೆಮ್ಮನ್ನು ಬಿದಿರು ತಟ್ಟಿಯ ಈಚೆ ಮಲಗಿ ಕೇಳಿದವಳು ಅವಳೊಬ್ಬಳೇ.

ಅವಳಪ್ಪ ಮಕಾರಿಯೋ ನಮ್ಮ ಕಾಂದೋನ್ ಸೀಮೆಗೆಲ್ಲ ಹೆಸರಾದ ಒಲೆಯಾಳು. ಇಲ್ಲಿ ಹೊಗೆಸೊಪ್ಪು ಬೆಳೆಯದ ಮನೆಯೇ ಇಲ್ಲವಲ್ಲ. ಎಲೆಯನ್ನು ಕೋಲಿಗೆ ಪೋಣಿಸಿ ಇಟ್ಟಿಗೆಯ ಬ್ಯಾರನ್ನಿನೊಳಗೆ, ಅಂದರೆ ಎಲೆ ಬೇಯಿಸುವ ಗೂಡಿನೊಳಗೆ, ತೂಗುಹಾಕಿ, ಕೆಳಗೆ ಸೌದೆ ಒಲೆ ಹೊತ್ತಿಸಿ, ಎಲೆ ಬಂಗಾರದ ಬಣ್ಣಕ್ಕೆ ತಿರುಗುವ ತನಕ ಬೆಂಕಿಯನ್ನು ಹದದಲ್ಲಿಡಬೇಕು. ಬೆಂಕಿ ಒಂಚೂರು ಮುಂದಾದರೆ ಎಲೆ ಕಪ್ಪು, ಒಂಚೂರು ಹಿಂದಾದರೆ ಹಸಿರು. ಎರಡರಲ್ಲಿ ಯಾವುದಾದರೂ ಯಜಮಾನನ ಬಾಯಿಗೆ ಮಣ್ಣೇ. ಮಕಾರಿಯೋ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತನೆಂದರೆ ಯಜಮಾನರು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದರು.

ಅವನು ಬೆಂಕಿಕಡ್ಡಿ ಗೀರಿದ್ದನ್ನು ಕಂಡವರಿಲ್ಲ. ಒಲೆಯ ಬಾಯಿಗೆ ಕೈ ಹಾಕಿ ಒಂದು ಕೆಂಡ ಎತ್ತುತ್ತಿದ್ದ. ಹೆಬ್ಬೆಟ್ಟು, ತೋರುಬೆರಳಿನ ನಡುವೆ ಹಿಡಿದು ಸಿಗರೇಟಿಗೆ ತಾಗಿಸಿ, ಎರಡು ದಮ್ಮು ಎಳೆದು, ಆತುರವೇ ಇಲ್ಲದೆ ಕೆಂಡವನ್ನು ವಾಪಸು ಒಲೆಗೆ ಇಡುತ್ತಿದ್ದ. ಎಸೆಯುತ್ತಿರಲಿಲ್ಲ, ಇಡುತ್ತಿದ್ದ. ಹೊಸಬರು ನೋಡಿ ಹೌಹಾರುತ್ತಿದ್ದರು. ಅವನ ಅಂಗೈ ಕೋಣದ ಗೊರಸಿನ ಹಾಗೆ ಗಟ್ಟಿಯಾಗಿ, ಗೆರೆಗಳೂ ಕಾಣದಂತೆ ಹೊಳೆಯುತ್ತಿತ್ತು. ಚಿಕ್ಕವಳಿದ್ದಾಗ ಜೊವೀತಾ ಶಾಲೆಯ ಗೆಳತಿಯರನ್ನು ಕರೆತಂದು, "ಅಪ್ಪಾ, ತೋರ್ಸು, ಒಂದ್ಸಲ ತೋರ್ಸು" ಎಂದು ಪೀಡಿಸುತ್ತಿದ್ದಳು. ಅವನು ತೋರಿಸುತ್ತಿದ್ದ. ಹುಡುಗಿಯರು ಕಿರುಚುತ್ತಿದ್ದರು, ಜೊವೀತಾ ಎದೆಯುಬ್ಬಿಸಿ ನಿಲ್ಲುತ್ತಿದ್ದಳು.

ಈಗ ಅವಳಿಗೆ ನಲವತ್ತರ ಹತ್ತಿರ. ಮದುವೆಯಾಗಲಿಲ್ಲ. ಹೊಗೆಸೊಪ್ಪು ಕೊಳ್ಳುವ ಮಳಿಗೆಯಲ್ಲಿ ಎಲೆಗಳನ್ನು ಬಣ್ಣ ನೋಡಿ ವಿಂಗಡಿಸುವ ಕೆಲಸ. ಅಮ್ಮ ಎದೆರೋಗದಲ್ಲಿ ಹೋದಳು. ಆ ಸಾವನ್ನು ಜೊವೀತಾ ಹತ್ತಿರದಿಂದ ಕಂಡಿದ್ದಳು. ನೀರಿಲ್ಲದ ಕಡೆ ಮುಳುಗಿದವರಂತೆ ಬಾಯಿ ತೆರೆದು ತೆರೆದು ಹೋದ ಜೀವ ಅದು. ಹಾಗಾಗಿ ಅಪ್ಪನಿಗೂ ಅದೇ ಕೆಮ್ಮು ಶುರುವಾದಾಗ ಅವಳು ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಎದೆಯ ಎಕ್ಸ್‌ರೇ ಪಟ ತೆಗೆಸಿ ಬೆಳಕಿಗೆ ಹಿಡಿದು, "ಉಳಿದಿರೋದು ಅರ್ಧ. ಸಿಗರೇಟು ಬಿಟ್ರೆ ಈ ಅರ್ಧದಲ್ಲೇ ಇನ್ನೂ ಬೇಕಾದಷ್ಟು ವರ್ಷ ದೂಡ್ಬಹುದು. ಬಿಡದಿದ್ರೆ ಮುಂದಿನ ಸುಗ್ಗಿ ಕಾಣೋದು ಅನುಮಾನ" ಎಂದರು. ಮಕಾರಿಯೋ ಮನೆಗೆ ಬಂದವನೇ ಒಲೆಯಿಂದ ಕೆಂಡ ಎತ್ತಿ ಸಿಗರೇಟು ಹೊತ್ತಿಸಿದ.

"ನಿಂಗೇನು ಹೇಳಿದ್ರು ಅವ್ರು? ಕಿವೀಲಿ ಹತ್ತಿ ಇಟ್ಕೊಂಡಿದ್ಯಾ?" ಜೊವೀತಾ ಕೂಗಿದಳು.

"ಕೇಳಿಸ್ತು ಬಿಡೇ. ಸೊಪ್ಪಲ್ಲೇ ಹುಟ್ಟಿದೋನು, ಸೊಪ್ಪಲ್ಲೇ ಹೋಗ್ತೀನಿ."

"ಹೋಗು! ಅಮ್ಮ ಹೋದ ಹಾಗೇ ನೀನೂ ಹೋಗು. ಆಮೇಲೆ ನಾನೊಬ್ಳೇ ಈ ನಾಲ್ಕು ಗೋಡೆ ನೋಡ್ಕೊಂಡು ಕೂತಿರ್ತೀನಿ. ಯಾರಿದಾರೆ ನಂಗೆ, ಹೇಳು? ಯಾರಿದಾರೆ?"

ಅವನು ಸಿಗರೇಟನ್ನು ಅರ್ಧಕ್ಕೇ ನೆಲಕ್ಕೆ ಒತ್ತಿದ. ಹೆಂಡತಿಯ ಸಮಾಧಿಯ ಮೇಲೆ ಆಣೆಯನ್ನೂ ಮಾಡಿದ. ಆದರೆ ಆಣೆ ಮಾಡುವುದು ಬೇರೆ, ಹುಟ್ಟಿನಿಂದ ಅಂಟಿದ ಚಟ ಬಿಡುವುದು ಬೇರೆ. ಸಿಡಿಸಿಡಿ ಅನ್ನುತ್ತಿದ್ದ, ಅನ್ನದ ತಟ್ಟೆ ಬೀಸಾಡಿದ, ಬ್ಯಾರನ್ನಿನಲ್ಲಿ ಎಲೆ ಕಪ್ಪು ಮಾಡಿಕೊಂಡ. ಅವನ ಕೈಯಲ್ಲಿ ಎಲೆ ಕಪ್ಪಾದದ್ದನ್ನು ಊರು ಅದೇ ಮೊದಲು ನೋಡಿದ್ದು. ಆಗ ಜೊವೀತಾಳಿಗೆ ಹೊಳೆದದ್ದು ಜೆರಿಕ್‌ನ ಅಂಗಡಿ.

ಜೆರಿಕ್ ಕಾಂದೋನ್ ಮಾರುಕಟ್ಟೆಯ ಹಿಂದೆ ವೇಪ್ ಅಂಗಡಿ ಇಟ್ಟವನು. ಸಿಗರೇಟಿನ ಬದಲು ಆವಿ ಎಳೆಯುವ ಯಂತ್ರಗಳು, ಅವಕ್ಕೆ ಹಾಕುವ ಬಗೆಬಗೆಯ ಜ್ಯೂಸು, ಬ್ಯಾಟರಿ, ಎಲ್ಲವೂ ಅವನಲ್ಲಿ ಸಿಗುತ್ತವೆ. ಮಕಾರಿಯೋ ಅವನಿಗೆ ನಿನೋಂಗ್, ಅಂದರೆ ಜ್ಞಾನಸ್ನಾನದ ದಿನ ಎತ್ತಿ ಹಿಡಿದ ಧರ್ಮಪಿತ. ಹಾಗಾಗಿ ಜೆರಿಕ್ ಇವಳಿಗೆ ವರಸೆಯಲ್ಲಿ ತಮ್ಮನೇ ಆಗಬೇಕು.

"ದಿನಾ ಸೇದೋರಿಗೆ ಇದೇ ಸರಿ ಅಕ್ಕ" ಎಂದು ಅವನು ಪಾಡ್ ಎನ್ನುವ ಒಂದು ಪುಟ್ಟ ಯಂತ್ರ ಇಟ್ಟ. ಸೋಪಿನ ಬಿಲ್ಲೆಗಿಂತ ತೆಳ್ಳಗೆ, ಚಪ್ಪಟೆಯಾಗಿ ಇತ್ತು. "ಬಾಯಿಗಿಟ್ಟು ಎಳೆದ್ರೆ ತಾನೇ ಹತ್ಕೊಳ್ಳುತ್ತೆ, ಬಿಟ್ರೆ ತಾನೇ ಆರುತ್ತೆ. ಒಳಗೊಂದು ಚಿಪ್ ಇದೆ, ಅತಿಯಾಗಿ ಕಾಯೋಕೆ ಬಿಡಲ್ಲ. ಎಳೆದಿದ್ದು ಜಾಸ್ತಿ ಆಯ್ತು ಅಂದ್ರೆ ದೀಪ ಮಿನುಗಿಸಿ ನಿಂತೋಗುತ್ತೆ. ವಯಸ್ಸಾದೋರಿಗೆ ಹೇಳಿ ಮಾಡ್ಸಿದ್ದು."

"ಆ ಬಣ್ಣಬಣ್ಣದ್ದು?"

"ಅದು ಸೇದಿ ಬಿಸಾಕೋದು. ಕಾಲೇಜು ಹುಡುಗ್ರ ತಿಂಡಿ. ನಿನೋಂಗ್ ಅದನ್ನ ಬಾಯಿಗಿಟ್ರೆ ಇಡೀ ಬ್ಯಾರನ್ನು ನಗುತ್ತೆ."

ಪಾಡ್ ಬಾಯಿಗಿಟ್ಟಾಗಲೂ ಬ್ಯಾರನ್ನು ನಕ್ಕಿತು. ಜೊತೆಗೆ ಸೌದೆ ಒಡೆಯುವ ಆಂಬೋ ಎಂಬವನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಣ್ಣಾ, ಹಲ್ಲು ಬರ್ತಾ ಅವೆಯಾ? ಮಗಳು ಹಾಲಿನ ಬಾಟ್ಲಿ ಕೊಟ್ಟವಳೆ! ಕುಡೀ ಕಂದಾ, ಕುಡಿ!" ಮಾವಿನ ಹಣ್ಣಿನ ವಾಸನೆಯ ಆವಿ ಒಲೆಯ ಹೊಗೆಯ ಮುಂದೆ ಎಲ್ಲಿ ಕಾಣಬೇಕು? ಮಕಾರಿಯೋ ಜೋರಾಗಿ ಎಳೆದ. ದೀಪ ಮಿನುಗಿತು, ನಿಂತಿತು. ಮತ್ತೆ ಎಳೆದ, ಮತ್ತೆ ನಿಂತಿತು. ಅದನ್ನು ಜೇಬಿಗೆ ತುರುಕಿ ಆಚೆ ತಿರುಗಿ ಕೂತ.

ಒಂದು ಬೆಳಿಗ್ಗೆ ಸೌದೆ ತೆಗೆಯುವಾಗ ಜೊವೀತಾಳ ಕೈಗೆ ಬಿದಿರ ಕಟ್ಟಿನ ಸಂದಿಯಲ್ಲಿ ಸಿಗರೇಟಿನ ಪೊಟ್ಟಣ ಸಿಕ್ಕಿತು. ಅರ್ಧ ಖಾಲಿ. ಅವಳು ಕೂಗಾಡಲಿಲ್ಲ. ಅದನ್ನು ತಂದು ಅವನ ಮುಂದೆ ಮೇಜಿನ ಮೇಲೆ ಇಟ್ಟಳು. ಅಮ್ಮನ ಮೇಲೆ ಮಾಡಿದ ಆಣೆಯನ್ನು ಇಬ್ಬರಲ್ಲಿ ಯಾರೂ ಎತ್ತಲಿಲ್ಲ.

"ಅದ್ರಲ್ಲಿ ಏನೂ ಇಲ್ಲ ಕಣೇ" ಎಂದು ಅವನು ಕೊನೆಗೆ ಹೇಳಿದ. ಬೈಯಿಸಿಕೊಂಡ ಹುಡುಗನ ದನಿಯಾಗಿತ್ತು ಅದು. "ತೂಕ ಇಲ್ಲ, ಬಿಸಿ ಇಲ್ಲ. ನಾನು ಬಿಡೋ ಮುಂಚೇನೇ ಅದು ಆರೋಗುತ್ತೆ. ಹೇಳ್ದ ಮಾತು ಕೇಳದಿದ್ರೆ ಅದೂ ಒಂದು ಬೆಂಕಿಯೇನೆ?"

ಜೊವೀತಾ ಪೊಟ್ಟಣವನ್ನು ಎತ್ತಿ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಳು. ಅಪ್ಪನನ್ನು ಹೊರಡಿಸಿಕೊಂಡು ಜೆರಿಕ್‌ನ ಅಂಗಡಿಗೆ ನಡೆದಳು.

ಅಂಗಡಿಯಲ್ಲಿ ಮಕಾರಿಯೋ ಯಾವುದನ್ನೂ ಮುಟ್ಟಲಿಲ್ಲ. ಜೆರಿಕ್ ದೊಡ್ಡ ಪಾಡ್ ತೋರಿಸಿದ, ಪರದೆ ಇರುವ ಪೆಟ್ಟಿಗೆ ತೋರಿಸಿದ, ಗುಂಡಿ ಒತ್ತಿ ಶಾಖವನ್ನು ಹೆಚ್ಚು ಕಡಿಮೆ ಮಾಡುವುದನ್ನೂ ತೋರಿಸಿದ. ಮುದುಕ ತಲೆಯಾಡಿಸುತ್ತಲೇ ಇದ್ದ. ಆಮೇಲೆ ಅವನ ಕಣ್ಣು ಗಾಜಿನ ಬೀರುವಿನ ಮೇಲಿನ ಅರೆಗೆ ಹೋಯಿತು. ಅಲ್ಲೊಂದು ಹಿತ್ತಾಳೆ ಕೊಳವೆ ಇತ್ತು. ಗೇಣುದ್ದ ಇರಬಹುದು, ಹೆಬ್ಬೆಟ್ಟಿಗಿಂತ ದಪ್ಪ, ಮೈಮೇಲೆ ಹೊಗೆಸೊಪ್ಪಿನ ಎಲೆಯನ್ನೇ ಕೊರೆದಿದ್ದರು.

"ಅದು ಕೊಡು ನೋಡೋಣ."

"ನಿನೋಂಗ್, ಅದು ಬೇಡ" ಎಂದ ಜೆರಿಕ್. ಆದರೂ ದೊಡ್ಡವರು ಕೇಳಿದರೆಂದು ತೆಗೆದುಕೊಟ್ಟ.

ಮಕಾರಿಯೋ ಅದನ್ನು ಅಂಗೈಯಲ್ಲಿ ತೂಗಿ ನೋಡಿದ. ಆ ಹೊತ್ತಿಗೆ ಅವನ ಮುಖ ನೋಡಬೇಕಿತ್ತು! ಎಷ್ಟೋ ದಿನದಿಂದ ಬಿಗಿದುಕೊಂಡಿದ್ದದ್ದು ಸಡಿಲವಾಯಿತು. ಜೊವೀತಾ ಅದನ್ನು ಕಂಡಳು, ಕಂಡ ಕ್ಷಣವೇ ಅವಳು ಮನಸ್ಸು ಮಾಡಿಯಾಗಿತ್ತು. ಮುಂದೆ ಜೆರಿಕ್ ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅವನೇನೂ ಮುಚ್ಚಿಡಲಿಲ್ಲ, ಪಾಪ. ಎಲ್ಲವನ್ನೂ ಬಿಡಿಸಿ ಹೇಳಿದ. "ಇದು ಪಳಗಿದ ಹುಡುಗ್ರು ಆವಿ ಬಿಡೋ ಸ್ಪರ್ಧೆಗೆ ಇಟ್ಕೊಳ್ಳೋದು. ಇದರೊಳಗೆ ಚಿಪ್ಪೂ ಇಲ್ಲ, ಏನೂ ಇಲ್ಲ. ಒಂದು ಬ್ಯಾಟರಿ, ಮೇಲೆ ಒಂದು ತಂತಿ ಸುರುಳಿ, ಬುಡದಲ್ಲಿ ಒಂದು ಗುಂಡಿ, ಅಷ್ಟೇ. ಗುಂಡಿ ಒತ್ತಿದಷ್ಟು ಹೊತ್ತೂ ಉರೀತಾನೇ ಇರುತ್ತೆ, ತಾನಾಗಿ ನಿಲ್ಲಲ್ಲ. ಬುದ್ಧಿ ಅನ್ನೋದು ಯಂತ್ರದೊಳಗಿಲ್ಲ ನಿನೋಂಗ್, ಹಿಡಿದೋರ ಕೈಯಲ್ಲಿ ಇರಬೇಕು."

"ನನ್ ಕೈಗೇ ಬೆಂಕಿ ಪಾಠ ಹೇಳ್ತಾನಲ್ಲ ಇವ್ನು!" ಎಂದು ಮಕಾರಿಯೋ ನಕ್ಕ. ಜೊವೀತಾಳೂ ನಕ್ಕಳು.

"ಗುಂಡಿ ಹತ್ರ ಈ ಬಳೆ ಇದೆಯಲ್ಲ, ಇಡೋವಾಗ ಇದನ್ನ ತಿರುಗಿಸಿ ಬಿಗಿ ಮಾಡ್ಬೇಕು. ಬಿಗಿ ಮಾಡ್ದೆ ನೆಟ್ಟಗೆ ನಿಲ್ಲಿಸ್ಬೇಡಿ, ಇದರ ಭಾರಕ್ಕೇ ಗುಂಡಿ ಒತ್ಕೊಂಡು ಒಳಗೇ ಕಾಯುತ್ತೆ. ಕಾದ್ರೆ ಮೊದ್ಲು ಕೈಗೆ ಗೊತ್ತಾಗುತ್ತೆ. ಗೊತ್ತಾದ ತಕ್ಷಣ ದೂರ ಬಿಸಾಕಿ, ಯೋಚನೆ ಮಾಡ್ಬೇಡಿ, ತಡ ಆದ್ರೆ ಬ್ಯಾಟರಿ ಸಿಡಿಯುತ್ತೆ. ಎಷ್ಟು ಬಿಸಿ ಅಂತ ತೋರಿಸ್ತೀನಿ, ನೋಡಿ." ಅವನು ಗುಂಡಿಯನ್ನು ಬೇಕೆಂದೇ ಒತ್ತಿ ಹಿಡಿದ. ಸ್ವಲ್ಪ ಹೊತ್ತಾದ ಮೇಲೆ ಕೊಳವೆಯನ್ನು ಜೊವೀತಾಳ ಬೆರಳಿಗೆ ತಾಗಿಸಿದ. ಅವಳು "ಅಯ್ಯಪ್ಪಾ!" ಎಂದು ಕೈ ಎಳೆದುಕೊಂಡು ಬೆರಳನ್ನು ಬಾಯಿಗಿಟ್ಟಳು.

ಮಕಾರಿಯೋ ಅದನ್ನು ಇಸಿದುಕೊಂಡು ಮುಷ್ಟಿಯಲ್ಲಿ ಹಿಡಿದ.

"ಗೊತ್ತಾಯ್ತಾ ನಿನೋಂಗ್?"

"ಹೂಂ, ಹೂಂ. ಗೊತ್ತಾಯ್ತು."

ಅವನ ಮುಷ್ಟಿ ಬಿಚ್ಚಲಿಲ್ಲ. ಅಪ್ಪ ಹುಡುಗನ ಮುಂದೆ ಜಂಭ ತೋರಿಸುತ್ತಿದ್ದಾನೆ ಎಂದು ಜೊವೀತಾ ಅಂದುಕೊಂಡಳು, ಒಳಗೊಳಗೇ ಹಿಗ್ಗಿದಳು ಕೂಡ. ಶಾಲೆಯ ಗೆಳತಿಯರ ಮುಂದೆ ನಿಂತಾಗಿನ ಹಿಗ್ಗೇ ಅದು.

"ಅದನ್ನೇ ಕೊಡು" ಎಂದಳು.

"ಅಕ್ಕ, ಇನ್ನೊಂದ್ಸಲ ಯೋಚನೆ ಮಾಡಿ. ಚಿಕ್ಕ ಪಾಡಿಗೇ ಗಟ್ಟಿ ಜ್ಯೂಸು ಹಾಕ್ಕೊಡ್ತೀನಿ, ಗಂಟಲಿಗೆ ಚೆನ್ನಾಗಿ ಹಿಡಿಯುತ್ತೆ. ಸ್ವಲ್ಪ ದಿನ ಒಗ್ಗಿಸ್ಕೊಳ್ಲಿ."

"ಅವನು ಸೇದದೇ ಇರೋದನ್ನ ತಗೊಂಡೋಗಿ ಉಪ್ಪಿನಕಾಯಿ ಹಾಕ್ಲಾ? ಚಿಕ್ಕದು ಜೇಬಲ್ಲಿ, ಸಿಗರೇಟು ಬಾಯಲ್ಲಿ. ನಾನು ನೋಡಿದ್ದು ಸಾಕು. ಅದನ್ನೇ ಕೊಡು ಜೆರಿಕ್."

ಜೆರಿಕ್ ಕೊಳವೆಯನ್ನು ಒರೆಸಿದ. ದುಡ್ಡನ್ನು ಮುಟ್ಟಲಿಲ್ಲ, ಧರ್ಮಪಿತನಿಗೆ ನನ್ನ ಕಾಣಿಕೆ ಎಂದ. ಬ್ಯಾಟರಿ ಮಾತ್ರ ಒಳ್ಳೆಯದನ್ನೇ ಹುಡುಕಿ ಹಾಕಿಕೊಟ್ಟ. ಹೊರಡುವಾಗ ಜೊವೀತಾಳ ತೋಳು ಹಿಡಿದು, "ಬಿಸಿ ಆಗಿದ್ಯಾ ಅಂತ ಆಗಾಗ ಕೇಳ್ತಾ ಇರಿ ಅಕ್ಕ" ಎಂದ.

ಅವಳು ಕೇಳುತ್ತಲೇ ಇದ್ದಳು. ಅದರಲ್ಲಿ ಒಂದು ದಿನವೂ ತಪ್ಪಲಿಲ್ಲ.

ಕೊಳವೆ ಬಂದ ಮೇಲೆ ಬ್ಯಾರನ್ನಿನ ನಗೆ ನಿಂತಿತು. ಮೊದಲ ಸಲ ಅವನು ಎಳೆದು ಬಿಟ್ಟ ಆವಿ ಒಲೆಯ ಬಾಯಿಯನ್ನೇ ಮುಚ್ಚಿಬಿಟ್ಟಿತು. ಆಂಬೋ ಸೌದೆ ಕೆಳಗಿಟ್ಟು, "ಅಣ್ಣಾ, ನಂಗೂ ಒಂದು ದಮ್ಮು ಕೊಡು" ಎಂದು ಪಕ್ಕದಲ್ಲಿ ಬಂದು ಕೂತ. ಕೊಳವೆ ಕೈಯಿಂದ ಕೈಗೆ ದಾಟಿತು. ಮಕಾರಿಯೋ ಅದನ್ನು ಬೂದಿಯಿಂದ ಉಜ್ಜಿ ಉಜ್ಜಿ ಚರ್ಚಿನ ದೀಪದಂತೆ ಹೊಳೆಸಿಟ್ಟುಕೊಂಡ. ಸಿಗರೇಟು ಬಿಟ್ಟೇಬಿಟ್ಟ, ನಿಜವಾಗಿಯೂ ಬಿಟ್ಟ. ಜೊವೀತಾ ಸೌದೆಯ ಸಂದಿ, ಚಾವಣಿಯ ಹುಲ್ಲು, ಅವನ ಹಳೆಯ ಬೂಟು ಎಲ್ಲವನ್ನೂ ತಡಕಿದಳು. ಎಲ್ಲಿಯೂ ಏನೂ ಇರಲಿಲ್ಲ.

ಕೆಮ್ಮು ಇಳಿಯಿತು. ಬಿದಿರು ತಟ್ಟಿಯ ಆಚೆ ಅಪ್ಪ ಕೆಮ್ಮದೆ ನಿದ್ದೆ ಮಾಡುವುದನ್ನು ಕೇಳುತ್ತ ಅವಳು ಮಲಗುತ್ತಿದ್ದಳು. ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಗುಡ್ಡದ ಮೇಲಿನ ಸಮಾಧಿಗೆ ಇಬ್ಬರೂ ಹತ್ತಿದರು. ಹಿಂದಿನ ವರ್ಷ ಅದೇ ದಾರಿಯಲ್ಲಿ ಅವನು ಕಲ್ಲು ಕಂಡಲ್ಲೆಲ್ಲ ಕೂತು ಏದುಸಿರು ಬಿಟ್ಟಿದ್ದ. ಈ ಸಲ ನಿಲ್ಲದೆ ಹತ್ತಿದ. ಮೇಲೆ ನಿಂತು ಕಲ್ಲಿನ ಮೇಲಿದ್ದ ಹೆಂಡತಿಯ ಹೆಸರಿಗೆ, "ನೋಡಿದ್ಯೇನೆ? ನಿನ್ ಮಗಳು ನನ್ನ ಬಿಡಂಗಿಲ್ಲ ಕಣೇ" ಎಂದ. ಜೊವೀತಾ ಆಚೆ ತಿರುಗಿ ಕಣ್ಣೊರೆಸಿಕೊಂಡಳು. ಬದುಕಿನಲ್ಲಿ ಒಂದೇ ಒಂದು ಸರಿಯಾದ ಕೆಲಸ ಮಾಡಿದೆ ಎಂದು ಅವತ್ತು ಅವಳಿಗೆ ಅನಿಸಿತ್ತು.

ಬ್ಯಾರನ್ನಿಗೆ ಊಟ ಒಯ್ದಾಗಲೂ, ಮನೆಯ ಜಗುಲಿಯಲ್ಲಿ ಅವನು ಕೂತಿದ್ದಾಗಲೂ ಅವಳು ಕೇಳುತ್ತಿದ್ದಳು. "ಬಿಸಿ ಆಗಿದ್ಯಾ ಅಪ್ಪಾ?"

ಅವನು ಕೊಳವೆಯನ್ನು ಅಂಗೈಯಲ್ಲಿ ಒಮ್ಮೆ ಉರುಳಿಸುತ್ತಿದ್ದ. "ಇಲ್ಲ ಕಣೇ, ತಣ್ಣಗಿದೆ."

ಆ ಮಾತು ಕೇಳಿದರೆ ಅವಳಿಗೆ ಸಮಾಧಾನ. ಆಮೇಲೆ ಹೋಗಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು.

ಅವತ್ತು ಸುಗ್ಗಿಯ ಕೊನೆಯ ಬೇಯಿಸುವಿಕೆ. ಮಧ್ಯಾಹ್ನ ಅನ್ನ, ಬದನೆ ಹಾಗಲಕಾಯಿಯ ಪಲ್ಯ, ವಿನೆಗರ್‌ನಲ್ಲಿ ಅದ್ದಿದ ಒಣಮೀನು ಕಟ್ಟಿಕೊಂಡು ಜೊವೀತಾ ಹೋದಳು. ಒಲೆ ಭೋರ್ಗರೆಯುತ್ತಿತ್ತು. ಎಲೆಯ ದಂಟು ಒಣಗುವ ಕಡೆಯ ಹಂತ ಅದು, ಬೆಂಕಿಯನ್ನು ಏರಿಸಲೇಬೇಕು. ಮಕಾರಿಯೋ ಎರಡೂ ಕೈಯಲ್ಲಿ ಒಂದು ದಪ್ಪ ದಿಮ್ಮಿಯನ್ನು ಒಲೆಯ ಬಾಯಿಗೆ ತಳ್ಳುತ್ತಿದ್ದ. ಆಂಬೋ ಸ್ವಲ್ಪ ದೂರದಲ್ಲಿ ಕೊಡಲಿ ಮಸೆಯುತ್ತಿದ್ದ.

ಕೊಳವೆ ಒಲೆಯ ಪಕ್ಕದ ಇಟ್ಟಿಗೆಯ ಅಂಚಿನ ಮೇಲಿತ್ತು, ಬುಡದ ಬಳೆ ಬಿಗಿಯದೆ ನೆಟ್ಟಗೆ ನಿಂತಿತ್ತು. ಅಲ್ಲಿ ಒಂದು ಕರೀ ಗೆರೆ ಇತ್ತು. ಅವನು ಸೌದೆ ತಳ್ಳುವಾಗಲೆಲ್ಲ ಉರಿಯುವ ಸಿಗರೇಟನ್ನು ಇಟ್ಟು ಇಟ್ಟು ಇಟ್ಟಿಗೆ ಸುಟ್ಟು ಆದ ಗೆರೆ. ಜೊವೀತಾ ಹುಟ್ಟುವ ಮೊದಲೇ ಇತ್ತು ಅದು. ಬಾಯಿಯಲ್ಲಿರುವುದನ್ನು ತೆಗೆದರೆ ಅವನ ಕೈ ತಾನಾಗಿ ಹೋಗುತ್ತಿದ್ದದ್ದು ಆ ಜಾಗಕ್ಕೇ. ಅವಳು ಕೊಳವೆಯನ್ನು ನೋಡಿದಳು. ನೋಡಿಯೂ ಅವಳಿಗೆ ಏನೂ ಹೊಳೆಯಲಿಲ್ಲ, ಯಾಕೆಂದರೆ ಎಲ್ಲವೂ ಇರಬೇಕಾದ ಕಡೆಯೇ ಇತ್ತು. ಸುಟ್ಟ ಸಕ್ಕರೆಯಂಥ ಒಂದು ವಾಸನೆ ಮೂಗಿಗೆ ತಾಕಿತು. ಒಲೆಯಲ್ಲಿ ಏನೋ ಹಸಿ ಸೌದೆ ಅಂದುಕೊಂಡಳು.

"ಬಾ ಅಪ್ಪಾ, ಉಣ್ಣು. ಆರೋಗುತ್ತೆ."

"ಬಂದೆ ಇರು. ಒಂದು ದಮ್ಮು ಎಳ್ಕೊಂಡು ಬಂದೆ."

ಅವನು ಕೈ ಚಾಚಿ ಕೊಳವೆ ಎತ್ತಿಕೊಂಡ. ಅವಳು ತಟ್ಟೆಗೆ ಅನ್ನ ಬಡಿಸುತ್ತ, ತಲೆ ಎತ್ತದೆಯೇ ಕೇಳಿದಳು. "ಬಿಸಿ ಆಗಿದ್ಯಾ?"

ಅವನು ಅದನ್ನು ಅಂಗೈಯಲ್ಲಿ ಉರುಳಿಸಿದ. "ಇಲ್ಲ ಕಣೇ, ತಣ್ಣಗೇ ಇದೆ" ಎಂದು ಬಾಯಿಗಿಟ್ಟ.

ಸದ್ದು ಬ್ಯಾರನ್ನಿನೊಳಗಿಂದ ಬಂತೆಂದು ಆಂಬೋ ತಿಳಿದ, ಗೋಡೆ ಬಿತ್ತೆಂದು ಓಡಿದ. ಜೊವೀತಾ ಮಾತ್ರ ಎಲ್ಲವನ್ನೂ ಕಂಡಳು. ಏನು ಕಂಡಳೋ ಅದನ್ನು ಅವಳು ಯಾರಿಗೂ ಹೇಳಿಲ್ಲ, ನಾನೂ ಇಲ್ಲಿ ಹೇಳುವುದಿಲ್ಲ. ಕೊಳವೆಯ ಮೇಲುಭಾಗ ಕಿತ್ತು ಬಾಯಿಯ ಕಡೆಗೆ ಹಾರಿತ್ತು, ಅಷ್ಟು ಸಾಕು. ಹೊಗೆಸೊಪ್ಪು ಸಾಗಿಸುವ ಟ್ರಕ್ಕಿನಲ್ಲಿ ಅವನನ್ನು ಮಲಗಿಸಿ ಆಸ್ಪತ್ರೆಗೆ ಹೊರಟರು. ಅವನ ಬಲಗೈ ಅವಳ ಮಡಿಲಲ್ಲಿತ್ತು. ಸೇತುವೆ ದಾಟುವಷ್ಟರಲ್ಲಿ ಉಸಿರು ನಿಂತಿತು. ಆ ಕೈಯನ್ನು ಅವಳು ಆಸ್ಪತ್ರೆಯ ಬಾಗಿಲವರೆಗೂ ಬಿಡಲಿಲ್ಲ. ಅಂಗೈಯ ನಡುವೆ, ಕೊಳವೆ ಉರುಳಿದ ಜಾಗದಲ್ಲಿ, ಚರ್ಮ ಸುಟ್ಟು ಬೆಳ್ಳಗಾಗಿತ್ತು. ಸಿಡಿಯುವ ಮೊದಲೇ ಸುಟ್ಟ ಗಾಯ ಅದು. ಅವನು ತಣ್ಣಗಿದೆ ಎಂದಾಗ ಆ ಕೈ ಬೇಯುತ್ತಿತ್ತು.

ಜೆರಿಕ್ ಆಸ್ಪತ್ರೆಗೆ ಬಂದಾಗ ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಅವನು ಅವಳ ಕಾಲ ಬಳಿ ಕುಸಿದು ಕೂತು ಮಗುವಿನಂತೆ ಅತ್ತ. "ನಾನು ಹೇಳಿದ್ನಲ್ಲ ಅಕ್ಕ. ಬಿಸಿ ಆದ್ರೆ ಬಿಸಾಕಿ ಅಂತ ಹೇಳಿದ್ನಲ್ಲ. ಅವತ್ತು ಕೈಗೆ ತಾಗಿಸಿ ತೋರಿಸಿದ್ನಲ್ಲ. ಯಾಕೆ ಬಿಸಾಕ್ಲಿಲ್ಲ ನಿನೋಂಗ್? ಯಾಕೆ?"

"ಗೊತ್ತಾಗ್ತಿರ್ಲಿಲ್ಲ ಕಣೋ ಅವನಿಗೆ" ಎಂದಳು ಜೊವೀತಾ. ಬಾಯಿಂದ ಆ ಮಾತು ಹೊರಬಿದ್ದ ಮೇಲೆಯೇ ಅವಳಿಗೆ ತಾನು ಹೇಳಿದ್ದೇನೆಂದು ಅರ್ಥವಾದದ್ದು. "ಬೆಂಕಿ ಹಿಡಿದೂ ಹಿಡಿದೂ ಆ ಕೈ ಸತ್ತೋಗಿತ್ತು. ಕೆಂಡ ಹಿಡಿದ್ರೂ ಗೊತ್ತಾಗ್ತಿರ್ಲಿಲ್ಲ."

ಜೆರಿಕ್ ತಲೆ ಎತ್ತಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮತ್ತೆ ಅವತ್ತು ಅಂಗಡೀಲಿ ನೀವ್ಯಾಕೆ ಹೇಳ್ಲಿಲ್ಲ ಅಕ್ಕ?"

ಯಾಕೆ ಹೇಳಲಿಲ್ಲ? ಜಗತ್ತಿನಲ್ಲಿ ಆ ಕೈಯನ್ನು ಅವಳಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಊರಿಗೆಲ್ಲ ತೋರಿಸಿ ಮೆರೆದ ಕೈ ಅದು. ಬುದ್ಧಿ ಕೈಯಲ್ಲಿರಬೇಕು ಎಂದು ಜೆರಿಕ್ ಹೇಳಿದಾಗ ಅವಳು ಅಪ್ಪನ ಜೊತೆ ಸೇರಿ ನಕ್ಕಿದ್ದಳು. ದಿನವೂ, ತಪ್ಪದೆ, ಉತ್ತರ ಹೇಳಲಾರದ ಕೈಯನ್ನೇ ಕೇಳಿ ನೆಮ್ಮದಿಪಟ್ಟಿದ್ದಳು. ಜೆರಿಕ್ ಉತ್ತರಕ್ಕೆ ಕಾಯದೆ ಎದ್ದು ಗೋಡೆಗೆ ಹಣೆಯಿಟ್ಟು ನಿಂತ.

ಮನೆಯ ಮುಂದೆ ದಿಮ್ಮಿ ಹೊತ್ತಿಸಿದರು. ಸಾವಿನ ಮನೆಯ ಬೆಂಕಿ ಹೆಣ ಹೊರಡುವ ತನಕ ಆರಬಾರದು. ಆಂಬೋ ಅದರ ಪಕ್ಕವೇ ಕೂತು ಸೌದೆ ಒಟ್ಟುತ್ತಿದ್ದ. ಯಾರು ಮಾತಾಡಿಸಿದರೂ, "ಹಾಲಿನ ಬಾಟ್ಲಿ ಅಂತ ನಾನೇ ಆಡ್ಕೊಂಡೆ. ಅದೇ ಇರ್ಲಿ ಅಂತ ಬಿಟ್ಟಿದ್ರೆ ಆಗ್ತಿತ್ತು" ಎಂದು ಅದನ್ನೇ ಹೇಳುತ್ತಿದ್ದ. ಶವದ ಪೆಟ್ಟಿಗೆಯ ಮುಚ್ಚಳ ತೆರೆಯುವ ಹಾಗಿರಲಿಲ್ಲ. ಬಂದವರು ಮುಚ್ಚಿದ ಪೆಟ್ಟಿಗೆಗೇ ಶಿಲುಬೆಯ ಗುರುತು ಹಾಕಿ ಹೋದರು.

ಹೆಣ ಎತ್ತುವ ಬೆಳಿಗ್ಗೆ ಬೆನೀತಾ ಅತ್ತೆ ಎಡೆ ತಟ್ಟೆ ಸಿದ್ಧಮಾಡಲು ಕೂತಳು. ಮಕಾರಿಯೋನ ಅಕ್ಕ ಅವಳು. ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ಹಳೆಯ ಕಾಲದ ಹೆಂಗಸು. ಅಂಟಕ್ಕಿಯ ಕಡುಬು, ಬೇಯಿಸಿದ ಮೊಟ್ಟೆ, ಒಂದು ಲೋಟ ಕಬ್ಬಿನ ಹೆಂಡ ಇಟ್ಟಳು. ಆಮೇಲೆ ಕೈ ತಡೆಯಿತು. ಎಡೆಯಲ್ಲಿ ಹೊಗೆ ಇರಲೇಬೇಕು, ಅದೂ ಸತ್ತವರಿಗೆ ಇಷ್ಟವಾದದ್ದೇ ಇರಬೇಕು. ಇಲ್ಲದಿದ್ದರೆ ಹುಡುಕಿಕೊಂಡು ಮನೆಗೆ ವಾಪಸು ಬರುತ್ತಾರೆ ಎನ್ನುವುದು ನಮ್ಮ ಕಡೆಯ ನಂಬಿಕೆ.

"ಕೊನೇಲಿ ಏನು ಸೇದ್ತಿದ್ದ ಹುಡುಗೀ? ಆ ಯಂತ್ರಾನೇ ಅಲ್ವಾ? ಅದು ಚೂರಾಯ್ತಂತೆ. ಇನ್ನೊಂದು ಇದ್ಯಲ್ಲ, ಚಿಕ್ಕದು? ಅದನ್ನೇ ಇಡೋಣ್ವಾ?"

ಪಾಡ್ ಅರೆಯ ಮೇಲೆ ಬಿದ್ದಿತ್ತು. ಜೊವೀತಾ ಅದನ್ನು ಕೈಗೆತ್ತಿಕೊಂಡಳು. ಅದಕ್ಕೆ ತೂಕವೇ ಇರಲಿಲ್ಲ, ಅಪ್ಪ ಹೇಳಿದ್ದು ನಿಜ. ಬಾಯಿಗಿಟ್ಟು ಎಳೆದಳು. ಪುಟ್ಟ ದೀಪ ಹತ್ತಿತು. ಬಿಡದೆ ಎಳೆದಳು. ದೀಪ ಮಿನುಗಿತು, ಯಂತ್ರ ತಾನಾಗಿ ನಿಂತಿತು. ಜೆರಿಕ್ ಹೇಳಿದ ಹಾಗೆಯೇ, ಅತಿಯಾಗುವ ಮೊದಲೇ ನಿಂತಿತು. ಅವಳ ಬಾಯಲ್ಲಿ ಮಾವಿನ ಹಣ್ಣಿನ ರುಚಿ ಉಳಿಯಿತು. ಅವಳು ಪಾಡನ್ನು ಇದ್ದ ಜಾಗಕ್ಕೇ ಇಟ್ಟಳು.

ಆಮೇಲೆ ಅಡಿಗೆಮನೆಗೆ ಹೋಗಿ ಅಕ್ಕಿ ಡಬ್ಬಿಯ ಹಿಂದಿನಿಂದ ಪೊಟ್ಟಣ ತೆಗೆದಳು. ಅವನಿಂದ ಕಸಿದುಕೊಂಡ, ಅರ್ಧ ಖಾಲಿಯಾದ ಪೊಟ್ಟಣ. ಅದರಿಂದ ಒಂದು ಸಿಗರೇಟನ್ನು ಎಳೆದುಕೊಂಡು ಹೊರಗೆ ಬಂದಳು. ಆಂಬೋ ಬೆಂಕಿಪೊಟ್ಟಣ ಚಾಚಿದ. ಅವಳು ಅದನ್ನು ನೋಡಲಿಲ್ಲ. ಉರಿಯುವ ದಿಮ್ಮಿಯ ಮುಂದೆ ಅಪ್ಪನ ಹಾಗೇ ಕುಕ್ಕರುಗಾಲಲ್ಲಿ ಕೂತು, ಸಿಗರೇಟನ್ನು ತುಟಿಗಿಟ್ಟು, ಬೆಂಕಿಗೆ ಕೈ ಹಾಕಿ ಒಂದು ಕೆಂಡ ಎತ್ತಿದಳು.

"ಅಯ್ಯೋ ಬಿಡೇ! ಬಿಡೇ ಹುಚ್ಚೀ, ಕೈ ಸುಟ್ಟೋಗುತ್ತೆ!" ಬೆನೀತಾ ಅತ್ತೆ ಚೀರಿದಳು.

ಚರ್ಮ ಸುಡುವ ವಾಸನೆ ಬಂತು. ಜೊವೀತಾಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಆದರೂ ಕೆಂಡವನ್ನು ಸಿಗರೇಟಿಗೆ ತಾಗಿಸಿ ಎರಡು ದಮ್ಮು ಎಳೆದಳು. ಅದು ಹತ್ತಿಕೊಂಡ ಮೇಲೆ ಕೆಂಡವನ್ನು ವಾಪಸು ಬೆಂಕಿಗೆ ಇಟ್ಟಳು. ಎಸೆಯಲಿಲ್ಲ.

"ಬಿಸಿ ಇದೆ ಅಪ್ಪಾ" ಎಂದಳು. "ತುಂಬ ಬಿಸಿ ಇದೆ."

ಬೆನೀತಾ ಅತ್ತೆ ಅವಳ ಕೈಯಿಂದ ಸಿಗರೇಟು ತೆಗೆದುಕೊಂಡು ತಟ್ಟೆಯ ಅಂಚಿಗೆ ಇಟ್ಟಳು. ಸಿಗರೇಟು ತಾನಾಗಿ ಉರಿಯಿತು, ಬೂದಿ ಮುರಿಯದೆ ಉದ್ದವಾಯಿತು. ಅದು ಕೊನೆಯ ತನಕ ಉರಿದು ಮುಗಿಯಿತು. ಮನೆಯಲ್ಲಿ ಯಾರೂ ಕೆಮ್ಮಲಿಲ್ಲ.